ಯಾವೂರಾಯ್ತು?

ಕನ್ನಡ ಓದಲು ಬರುವ ದೆವ್ವವೊಂದು ಬೆಂಗಳೂರಿನಲ್ಲಿ ಓಡಾಡಿಕೊಂಡಿದ್ದ ಕಾಲವೊಂದಿತ್ತು. 1990ರ ದಶಕದ ಮಾತು. ರಾತ್ರಿ ಬಾಗಿಲು ಬಡಿದು ಮನೆಯವರದೇ ದನಿಯಲ್ಲಿ ಕರೆಯುತ್ತಿತ್ತಂತೆ. ಓಗೊಟ್ಟು ಬಾಗಿಲು ತೆಗೆದವರ ಕತೆ ಅಲ್ಲಿಗೆ ಮುಗಿಯಿತಂತೆ. ಇದಕ್ಕೆ ಜನ ಕಂಡುಕೊಂಡ ಮದ್ದು ತಾಯಿತವಲ್ಲ, ನಿಂಬೆಹಣ್ಣಲ್ಲ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ಎರಡು ಪದ, 'ನಾಳೆ ಬಾ'. ದೆವ್ವ ಬಂದು ಓದುತ್ತಿತ್ತು, ಸರಿ ಅಂದುಕೊಂಡು ಹೋಗುತ್ತಿತ್ತು, ಮರುರಾತ್ರಿ ಬಂದು ಮತ್ತೆ ಓದುತ್ತಿತ್ತು. ಕ್ಯಾಲೆಂಡರಿಗಿಂತ ಹೆಚ್ಚಾಗಿ ವ್ಯಾಕರಣವನ್ನು ನಂಬಿದ ಆ ದೆವ್ವದ ಬಗ್ಗೆ ನನಗೆ ಈಗಲೂ ಕನಿಕರವಿದೆ. ನಮ್ಮ ಬೀದಿಯ ಟೈಲರು ಅದೇ ಎರಡು ಪದಗಳಿಂದ ಹಬ್ಬದ ಮುಂಚಿನ ತಿಂಗಳಿಡೀ ಗಿರಾಕಿಗಳನ್ನು ನಿಭಾಯಿಸುತ್ತಾರೆ. ಆದರೆ ಅವರು 'ಬನ್ನಿ' ಅನ್ನುತ್ತಾರೆ. ದೆವ್ವಕ್ಕೆ ಬಹುವಚನ ಕೊಟ್ಟು ಬರೆದ ಬಾಗಿಲನ್ನು ನಾನು ನೋಡಿಲ್ಲ.

ನಗುವುದು ಸುಲಭ. ಆದರೆ ನಮ್ಮ ಮನೆಗಳಲ್ಲಿ ಪದಗಳಿಗಿರುವ ಅಧಿಕಾರವೇನು ಕಡಿಮೆಯದೆ? ಹೊರಟವರು 'ಹೋಗ್ತೀನಿ' ಅನ್ನುವಂತಿಲ್ಲ, 'ಬರ್ತೀನಿ' ಅನ್ನಬೇಕು. ದೀಪವನ್ನು ಆರಿಸುವಂತಿಲ್ಲ, ಶಾಂತ ಮಾಡಬೇಕು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಕತ್ತಲಾದ ಮೇಲೆ ಹಾವು ಹಾವಲ್ಲ, ಹುಳ. ಹೆಸರೆತ್ತಿದರೆ ಬಂದುಬಿಟ್ಟೀತು ಎಂಬ ಭಯ. ಹೊರಕಿವಿಯೇ ಇಲ್ಲದ ಜೀವಿಗೆ ಕನ್ನಡ ಕೇಳಿಸುತ್ತದೆ, ಕೇಳಿಸಿದರೂ 'ಹುಳ' ಎಂದರೆ ತನ್ನನ್ನೇ ಎಂದು ಹೊಳೆಯುವುದಿಲ್ಲ ಎಂಬ ಲೆಕ್ಕಾಚಾರ ನನಗೆ ಬಹಳ ಇಷ್ಟ.

ಆಡುವ ಭಾಷೆ ನಮ್ಮ ಯೋಚನೆಯನ್ನೂ ಹೀಗೆ ಆಡಿಸುತ್ತದೆಯೇ ಎಂಬುದು ಪಂಡಿತರ ನಡುವೆ ಬಹಳ ಹಳೆಯ ಜಗಳ. ಮಾತಿನ ಸೋಂಕಿಲ್ಲದ ಅರಿವೇ ಇಲ್ಲ ಎಂಬರ್ಥದ ಮಾತನ್ನು ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಸುಮಾರು ಐದನೆಯ ಶತಮಾನದಲ್ಲೇ ಹೇಳಿ ಮುಗಿಸಿದ. ಆದರೂ ಈಚಿನ ಕಾಲದಲ್ಲಿ ಇದಕ್ಕೆ ಬೆಂಕಿ ಹಚ್ಚಿದ ಖ್ಯಾತಿ ಸಂದದ್ದು, ಬೆಂಕಿ ಬೀಳದಂತೆ ನೋಡಿಕೊಳ್ಳುವುದೇ ಕಸುಬಾಗಿದ್ದ ಒಬ್ಬ ಅಮೆರಿಕನ್ನನಿಗೆ. ಬೆಂಜಮಿನ್ ಲೀ ವೋರ್ಫ್ (1897–1941) ಓದಿದ್ದು ರಾಸಾಯನಿಕ ಎಂಜಿನಿಯರಿಂಗ್. ಹಾರ್ಟ್‌ಫರ್ಡ್ ನಗರದ ಬೆಂಕಿ ವಿಮಾ ಕಂಪನಿಯೊಂದರಲ್ಲಿ ಕೆಲಸ. ಎಲ್ಲಿ ಬೆಂಕಿ ಬಿತ್ತು, ಯಾಕೆ ಬಿತ್ತು ಎಂದು ಹೋಗಿ ನೋಡಿ ವರದಿ ಬರೆಯಬೇಕು. ಹಾಗೆ ನೋಡುವಾಗ ಅವನ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಪೆಟ್ರೋಲು ತುಂಬಿದ ಡ್ರಮ್ಮುಗಳ ಬಳಿ ಜನ ಬಲು ಎಚ್ಚರದಿಂದಿರುತ್ತಾರೆ. 'ಖಾಲಿ' ಡ್ರಮ್ಮುಗಳ ಬಳಿ ಬಂದ ಕೂಡಲೇ ಜೇಬಿಗೆ ಕೈ ಹಾಕಿ ಸಿಗರೇಟು ಹಚ್ಚುತ್ತಾರೆ. ನಿಜಕ್ಕೂ ಹೆಚ್ಚು ಅಪಾಯ ಖಾಲಿ ಡ್ರಮ್ಮಿನದು. ಒಳಗೆ ಪೆಟ್ರೋಲಿಲ್ಲ, ಅದರ ಆವಿ ತುಂಬಿರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಬೆಂಕಿ ಹಚ್ಚಿದ್ದು ಸಿಗರೇಟಲ್ಲ, 'ಖಾಲಿ' ಎಂಬ ಪದ ಎಂದು ವೋರ್ಫ್ ತೀರ್ಮಾನಿಸಿದ. ವಿಮಾ ಕಂಪನಿ ಪದದ ಮೇಲೆ ಕೇಸು ಹಾಕುವಂತಿರಲಿಲ್ಲ, ಅದು ಬೇರೆ ಮಾತು.

ಡ್ರಮ್ಮಿನ ಮಟ್ಟಿಗೆ ಅವನು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಅಲ್ಲಿಂದ ಅವನು ಅರಿಜೋನಾದ ಹೋಪಿ ಜನರ ಕಡೆ ಹೊರಳಿದ. ಅವರ ಭಾಷೆಯಲ್ಲಿ ಕಾಲವನ್ನು ಹೇಳುವ ಪದಗಳಿಲ್ಲ, ವ್ಯಾಕರಣದಲ್ಲೂ ಅದಕ್ಕೆ ಜಾಗವಿಲ್ಲ, ಆದ್ದರಿಂದ ಅವರ ಮನಸ್ಸಿನಲ್ಲಿರುವ ಕಾಲವೇ ಬೇರೆ ಎಂದ. ಕೇಳಿದವರು ರೋಮಾಂಚನಗೊಂಡರು. ಗಡಿಯಾರದ ಗುಲಾಮರಾದ ನಾವೆಲ್ಲಿ, ಆ ಪುಣ್ಯವಂತರೆಲ್ಲಿ! 1983ರಲ್ಲಿ ಎಕ್ಕೆಹಾರ್ಟ್ ಮಾಲೋಟ್ಕಿ ಎಂಬ ವಿದ್ವಾಂಸರು ಹೋಪಿ ಭಾಷೆಯಲ್ಲಿ ಕಾಲ ಹೇಳುವ ಬಗೆಗಳನ್ನೆಲ್ಲ ಒಟ್ಟುಮಾಡಿ 600 ಪುಟ ದಾಟಿದ ಪುಸ್ತಕವನ್ನೇ ಹೊರತಂದರು. ಇಲ್ಲದ್ದನ್ನು ಅಷ್ಟು ಪುಟ ಬರೆಯಲು ಸಾಧ್ಯವಾಗುವುದು ಡಾಕ್ಟರೇಟಿಗೆ ಮಾತ್ರ, ಮಾಲೋಟ್ಕಿ ಬರೆದದ್ದು ಇದ್ದದ್ದನ್ನೇ.

ಎಸ್ಕಿಮೋಗಳ ಹಿಮದ ಕತೆಯೂ ಇದೇ ಜಾತಿಯದು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ 1911ರಲ್ಲಿ ಉದಾಹರಣೆಗೆಂದು ಹಿಮಕ್ಕೆ ಅವರಲ್ಲಿರುವ ನಾಲ್ಕು ಪದ ಕೊಟ್ಟ. ಬಾಯಿಂದ ಬಾಯಿಗೆ, ಪತ್ರಿಕೆಯಿಂದ ಪತ್ರಿಕೆಗೆ ಹೋಗುತ್ತ ಅದು ಐವತ್ತಾಯಿತು, ನೂರಾಯಿತು. ನೂರೇ ಇರಲಿ, ಅದರಲ್ಲೇನು ಮಹಾ? ತಿಪಟೂರಿನ ಕಡೆಯವರ ಹತ್ತಿರ ತೆಂಗಿನ ಮಾತೆತ್ತಿ ನೋಡಿ. ಹೀಚು, ಎಳನೀರು, ಗಂಜಿ, ಕಾಯಿ, ಹೋಳು, ಚಿಪ್ಪು, ನಾರು, ಗಿಟುಕು, ಉಂಡೆ ಕೊಬ್ಬರಿ, ಹೋಳು ಕೊಬ್ಬರಿ… ಯಾವನಾದರೂ ವಿದೇಶಿ ಸಂಶೋಧಕ ಇದನ್ನು ಬರೆದುಕೊಂಡು ಹೋಗಿ 'ಇವರು ಜಗತ್ತನ್ನೇ ತೆಂಗಿನ ಮೂಲಕ ನೋಡುತ್ತಾರೆ' ಅಂದರೆ ತಿಪಟೂರಿನವರು ಅವನಿಗೊಂದು ಎಳನೀರು ಕೊಟ್ಟು ಕಳಿಸಿಯಾರು. ಕೊಬ್ಬರಿ ಮಾರುವವನಿಗೆ ಕೊಬ್ಬರಿಯ ಪದಗಳು ಬೇಕು, ಬಂದಿವೆ. ಸೀರೆ ಅಂಗಡಿಯಲ್ಲಿ ಮಾವಿನ ಚಿಗುರಿನ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ, ಎಂ.ಎಸ್. ಸುಬ್ಬುಲಕ್ಷ್ಮಿಯವರಿಂದ ಹೆಸರು ಪಡೆದ ಎಂ.ಎಸ್. ಬ್ಲೂ ಎಂದು ಹೆಂಗಸರು ಬೇರ್ಪಡಿಸಿ ನೋಡುತ್ತಿರುವಾಗ ಜೊತೆಗೆ ಬಂದ ಗಂಡಸರು 'ಎಲ್ಲಾ ನೀಲಿನೇ ಅಲ್ವಾ' ಅನ್ನುತ್ತಾರೆ. ಇಬ್ಬರ ಮಾತೃಭಾಷೆಯೂ ಕನ್ನಡವೇ.

ಹಾಗಾದರೆ ಭಾಷೆಗೂ ಯೋಚನೆಗೂ ನಂಟೇ ಇಲ್ಲವೆ? ಇದೆ. ಆದರೆ ಹುಡುಕಬೇಕಾದ ಜಾಗ ಪದಕೋಶವಲ್ಲ. ರೋಮನ್ ಯಾಕಬ್ಸನ್ ಎಂಬ ಭಾಷಾವಿಜ್ಞಾನಿ 1959ರಲ್ಲಿ ಇದನ್ನು ಸರಿಯಾದ ಕಡೆ ಮುಟ್ಟಿ ತೋರಿಸಿದ. ಯಾವ ಭಾಷೆಯಲ್ಲೂ ಏನನ್ನು ಬೇಕಾದರೂ ಹೇಳಬಹುದು. ಭಾಷೆ ಭಾಷೆಗೆ ವ್ಯತ್ಯಾಸ ಇರುವುದು ಏನನ್ನು ಹೇಳದೆ ಬಿಡುವಂತಿಲ್ಲ ಎಂಬುದರಲ್ಲಿ. ಹಳ್ಳಿಯ ಜಗಲಿಯ ಮೇಲೊಬ್ಬ ಅಜ್ಜ ಕೂತಿರುತ್ತಾನಲ್ಲ, ಹೋಗಿ ಬರುವವರನ್ನೆಲ್ಲ ತಡೆದು ತನ್ನದೊಂದು ಪ್ರಶ್ನೆ ಕೇಳಿಯೇ ಮುಂದಕ್ಕೆ ಬಿಡುವವನು, ಭಾಷೆ ಅಂಥವನು. ಒಂದೊಂದು ಊರಿನ ಅಜ್ಜನದು ಒಂದೊಂದು ಪ್ರಶ್ನೆ. ದಿನಕ್ಕೆ ನೂರು ಸಲ ಅದೇ ದಾರಿಯಲ್ಲಿ ಓಡಾಡುವವರು ಉತ್ತರವನ್ನು ಮೊದಲೇ ಬಾಯಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ನನ್ನ ಮಟ್ಟಿಗೆ ಭಾಷೆ ಯೋಚನೆಯನ್ನು ತಿದ್ದುವುದು ಇಷ್ಟೇ, ಆದರೆ ಇದು ಸಣ್ಣದಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರ ಕರಾವಳಿಯಲ್ಲಿ ಗೂಗು ಯಿಮಿದಿರ್ ಎಂಬ ಭಾಷೆಯಿದೆ. ಜಗತ್ತು ಆ ಭಾಷೆಯ ಋಣದಲ್ಲಿದೆ, ಆದರೆ ಜಗತ್ತಿಗೆ ಗೊತ್ತಿಲ್ಲ: 1770ರಲ್ಲಿ ಕ್ಯಾಪ್ಟನ್ ಕುಕ್ ತನ್ನ ಒಡೆದ ಹಡಗನ್ನು ರಿಪೇರಿ ಮಾಡಿಸುತ್ತ ಅಲ್ಲಿ ತಂಗಿದ್ದಾಗ ಕೇಳಿಸಿಕೊಂಡು ಹೋದ ಪದ 'ಕಾಂಗರೂ'. (ಅದರ ಅರ್ಥ 'ನನಗೆ ಗೊತ್ತಿಲ್ಲ' ಎಂಬ ಜೋಕು ಚೆನ್ನಾಗಿದೆ, ನಿಜವಲ್ಲ. ಅದು ಒಂದು ಬಗೆಯ ಕಾಂಗರೂವಿನ ಹೆಸರೇ.) ಆ ಭಾಷೆಯ ಜಗಲಿಯಲ್ಲಿ ಕೂತವನ ಪ್ರಶ್ನೆ 'ಯಾವ ದಿಕ್ಕು?'. ಎಡಗೈ ಬಲಗೈಗೆ ಅಲ್ಲಿ ಹೆಸರಿದೆ, ಆದರೆ ವಸ್ತು ಎಲ್ಲಿದೆ ಎಂದು ಹೇಳಲು ಎಡ ಬಲ ನಡೆಯುವುದಿಲ್ಲ. 'ಸ್ವಲ್ಪ ಮೂಡಣಕ್ಕೆ ಸರಿ', 'ನಿನ್ನ ಬಡಗಣ ಕಾಲಿನ ಮೇಲೆ ಇರುವೆ' ಎಂದೇ ಅನ್ನಬೇಕು. ಇರುವೆ ಕಚ್ಚುವುದರೊಳಗೆ ಉತ್ತರ ಯಾವುದೆಂದು ತಿಳಿದಿರಬೇಕು, ಅವರಿಗೆ ತಿಳಿದಿರುತ್ತದೆ. ದೋಣಿ ಮಗುಚಿ ಶಾರ್ಕುಗಳ ನಡುವೆ ಈಜಿ ಬಂದ ಕತೆಯನ್ನು ಅಲ್ಲಿನ ಹಿರಿಯರೊಬ್ಬರು ಹೇಳುವುದನ್ನು ಸಂಶೋಧಕ ಜಾನ್ ಹ್ಯಾವಿಲ್ಯಾಂಡ್ ಮೊದಲು ಚಿತ್ರೀಕರಿಸಿದರು, ಎರಡು ವರ್ಷ ಬಿಟ್ಟು ಇನ್ನೊಬ್ಬ ಸಂಶೋಧಕ ಸ್ಟೀಫನ್ ಲೆವಿನ್ಸನ್ ಮತ್ತೆ ಚಿತ್ರೀಕರಿಸಿದರು. ಎರಡು ಸಲವೂ ಆತ ಕೂತದ್ದು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ. ದೋಣಿ ಯಾವ ಕಡೆಗೆ ಮಗುಚಿತು ಎಂದು ತೋರಿಸುವ ಕೈ ಮಾತ್ರ ಎರಡು ಸಲವೂ ಅದೇ ದಿಕ್ಕಿಗೆ. ಮೈ ತಿರುಗಿತ್ತು, ಕತೆ ತಿರುಗಿರಲಿಲ್ಲ.

ಇದನ್ನು ಓದಿದಾಗ ನನಗೆ ಕುಂದಾಪುರದ ಕಡೆಯ ನಮ್ಮ ದೊಡ್ಡಮ್ಮನ ನೆನಪಾಯಿತು. ಅವರ ಅಡುಗೆಮನೆಯಲ್ಲಿ ಎಡ ಬಲಗಳಿರಲಿಲ್ಲ. 'ಉಪ್ಪಿನಕಾಯಿ ಭರಣಿ ಪಡು ಬದಿಯ ಗೂಡಿನಲ್ಲಿದೆ, ತೆಂಕಿನ ತುದಿಗೆ' ಅನ್ನುತ್ತಿದ್ದರು. ನಾವು ಪೇಟೆಯ ಮಕ್ಕಳು ಹೊರಗೆ ಬಂದು ಸೂರ್ಯನನ್ನು ನೋಡಿ, ಒಳಗೆ ಹೋಗಿ ಭರಣಿ ಹುಡುಕಬೇಕು. ಆ ಸೀಮೆಯೇ ಹಾಗೆ. ಮೂಡುಬಿದಿರೆ ಇದೆ, ಪಡುಬಿದ್ರಿ ಇದೆ, ತೆಂಕ ಎರ್ಮಾಳು ಇದೆ, ಬಡಾ ಎರ್ಮಾಳು ಇದೆ. ಯಕ್ಷಗಾನ ಕುಣಿಯುವುದಕ್ಕೂ ತೆಂಕುತಿಟ್ಟು ಬಡಗುತಿಟ್ಟು ಎಂದು ದಿಕ್ಕು ಬೇಕು. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟ ಇಟ್ಟುಕೊಂಡವರಿಗೆ ದಿಕ್ಕು ತಪ್ಪುವುದಾದರೂ ಹೇಗೆ? ದೊಡ್ಡಮ್ಮ ಬೆಂಗಳೂರಿನಲ್ಲಿ ಮಗನ ಹನ್ನೊಂದನೆಯ ಮಹಡಿಯ ಫ್ಲ್ಯಾಟಿಗೆ ಬಂದಾಗ ಲಿಫ್ಟಿನಿಂದ ಹೊರಬಿದ್ದವರು ನೀರನ್ನೂ ಕುಡಿಯದೆ ಕೇಳಿದ ಮೊದಲ ಪ್ರಶ್ನೆ, 'ಇಲ್ಲಿ ಮೂಡು ಯಾವುದು?' ಮಗ ಫೋನು ತೆಗೆದು ಹುಡುಕಿ ಹೇಳಿದ. ಆಮೇಲೆ ಅವರು ನೆಮ್ಮದಿಯಾಗಿ ಫ್ರಿಜ್ಜಿನ ತೆಂಕು ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಆದರೆ ನೋಡಿ, ದೊಡ್ಡಮ್ಮನದೂ ಕನ್ನಡ, ಆ ಮಗನದೂ ಕನ್ನಡ. ಪಕ್ಕದ ತಮಿಳುನಾಡಿನಲ್ಲಿ ಎರಿಕ್ ಪೆಡರ್ಸನ್ ಎಂಬವರು 1990ರ ದಶಕದಲ್ಲಿ ಇದನ್ನೇ ಕಂಡರು. ಹಳ್ಳಿಯ ತಮಿಳರು ವಸ್ತುಗಳನ್ನು ದಿಕ್ಕಿನಿಂದ ಗುರುತಿಸುತ್ತಿದ್ದರು, ಪಟ್ಟಣದ ತಮಿಳರು ಎಡ ಬಲದಿಂದ. ಅಂದಮೇಲೆ ಮಾಡಿದ್ದು ಭಾಷೆಯೋ ಬದುಕೋ? ಈ ವಿಷಯಕ್ಕೆ ವಿದ್ವಾಂಸರು ಮೇಜಿನ ಮೇಲೆ ಆಟಿಕೆ ಜೋಡಿಸಿ, ನೋಡಿದವರನ್ನು ಹಿಂದಕ್ಕೆ ತಿರುಗಿಸಿ, ಇನ್ನೊಂದು ಮೇಜಿನ ಮೇಲೆ ಹಾಗೇ ಜೋಡಿಸಿ ಅನ್ನುವ ಪ್ರಯೋಗ ಮಾಡಿ ಬಹಳ ವರ್ಷ ಹೊಡೆದಾಡಿದ್ದಾರೆ. 2002ರಲ್ಲಿ ಲೀ ಮತ್ತು ಗ್ಲೈಟ್ಮನ್ ಎಂಬ ಇಬ್ಬರು, ಇದು ಭಾಷೆಯ ಗುಣವಲ್ಲ, ಸುತ್ತಮುತ್ತ ಗುರುತಿಗೆ ಏನು ಕಾಣುತ್ತದೆ ಎಂಬುದರ ಮೇಲಿದೆ ಎಂದರು. ಲೆವಿನ್ಸನ್ ಬಳಗ ಅದೇ ವರ್ಷ ತಿರುಗಿ ಉತ್ತರ ಕೊಟ್ಟಿತು. ಮೇಜುಗಳಿಗೆ ತಲೆ ತಿರುಗಿರಬೇಕು.

ನಮ್ಮವರು ದಿಕ್ಕನ್ನು ಪೂರ್ತಿ ಬಿಟ್ಟಿಲ್ಲ ಅನ್ನಿ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು' ಎಂದೇ ಈಗಲೂ ಬರೆಯಬೇಕು. ರಾತ್ರಿ ಬಡಗಣಕ್ಕೆ ತಲೆ ಹಾಕಬಾರದು. ಸೈಟು ಕೊಳ್ಳುವಾಗ ಈಸ್ಟ್ ಫೇಸಿಂಗ್ ಬೇಕು. ಅಂದರೆ ಮಲಗುವಾಗ ಮತ್ತು ಸಾಲ ಮಾಡುವಾಗ ಕನ್ನಡಿಗನಿಗೆ ದಿಕ್ಕು ಚೆನ್ನಾಗಿ ಗೊತ್ತಿರುತ್ತದೆ. ರಸ್ತೆಯ ಮೇಲೆ ಮಾತ್ರ 'ಲೆಫ್ಟ್ ತಗೊಂಡು ಸ್ಟ್ರೈಟ್ ಹೋಗಿ'. ಕಾರಿನಲ್ಲಿ ಫೋನಿನೊಳಗಿನ ಹೆಣ್ಣುದನಿ ಹೊರಡುವಾಗಲೇ 'ಈಶಾನ್ಯಕ್ಕೆ ಸಾಗಿ' ಅಂದರೆ, ಮನೆಯ ದೇವರಕೋಣೆ ಯಾವ ಮೂಲೆಯಲ್ಲಿದೆ ಎಂದು ನೆನೆಸಿಕೊಂಡು ಸ್ಟೀರಿಂಗ್ ತಿರುಗಿಸುವವರನ್ನು ನಾನು ಬಲ್ಲೆ.

ಇನ್ನೊಂದು ಪ್ರಶ್ನೆ ನಮ್ಮ ನೆರೆಹೊರೆಯ ಜಗಲಿಗಳಲ್ಲೆಲ್ಲ ಇದೆ, ನಮ್ಮಲ್ಲಿ ಮಾತ್ರ ಎದ್ದು ಹೋಗಿದೆ. ತುಳುವಿನಲ್ಲಿ 'ನಮ' ಅಂದರೆ ನಿನ್ನನ್ನೂ ಸೇರಿಸಿಕೊಂಡು ನಾವು. 'ಎಂಕುಲು' ಅಂದರೆ ನಿನ್ನನ್ನು ಬಿಟ್ಟು ನಾವು. ತೆಲುಗಿನವರಿಗೆ 'ಮನಮು', 'ಮೇಮು'. ತಮಿಳರಿಗೆ 'ನಾಮ್', 'ನಾಂಗಳ್'. ಅಣ್ಣತಮ್ಮಂದಿರೆಲ್ಲ ಜತನವಾಗಿ ಇಟ್ಟುಕೊಂಡ ಈ ಪಿತ್ರಾರ್ಜಿತವನ್ನು ಇಂದಿನ ಕನ್ನಡ ಮಾತ್ರ ಎಲ್ಲೋ ಕಳೆದುಕೊಂಡು, ಎಲ್ಲದಕ್ಕೂ ಒಂದೇ 'ನಾವು' ಹಿಡಿದು ಸಂಸಾರ ಮಾಡುತ್ತಿದೆ. ಇದರ ಸಂಕಟ ಆಫೀಸಿನಲ್ಲಿ ಗೊತ್ತಾಗುತ್ತದೆ. 'ಭಾನುವಾರ ನಾವೆಲ್ಲ ನಂದಿಬೆಟ್ಟಕ್ಕೆ ಹೋಗ್ತಿದೀವಿ' ಎಂದು ಸಹೋದ್ಯೋಗಿ ಅಂದರೆ ಅದು ಕರೆಯೋ ಸುದ್ದಿಯೋ? 'ಎಷ್ಟು ಗಂಟೆಗೆ?' ಎಂದು ಕೇಳಿದರೆ ಮೇಲೆ ಬಿದ್ದಂತೆ. 'ಹೋಗ್ಬನ್ನಿ' ಅಂದರೆ, ಕರೆದರೂ ಬರಲಿಲ್ಲ ಎಂಬ ಮಾತು. ಕನ್ನಡಿಗರು ಇಂಥ ಹೊತ್ತಿನಲ್ಲಿ 'ಓ, ಹೌದಾ!' ಅನ್ನುತ್ತಾರೆ. ಆ 'ಹೌದಾ'ದೊಳಗೆ ಎಷ್ಟು ಪಿಕ್‌ನಿಕ್ಕುಗಳು ಹೂತುಹೋಗಿವೆಯೋ.

ನಮ್ಮ ಪಕ್ಕದ ಮನೆಯ ತುಳು ದಂಪತಿಗೆ ಈ ತೊಂದರೆಯಿಲ್ಲ. ಗಂಡ 'ನಮ' ಎಂದರೆ ಹೆಂಡತಿ ಸೀರೆ ಬದಲಾಯಿಸಲು ಹೋಗುತ್ತಾರೆ, 'ಎಂಕುಲು' ಎಂದರೆ ಅಡುಗೆ ಒಬ್ಬರಿಗೆ. ಹಾಗೆಂದು ತುಳುವರು ಹೆಚ್ಚು ಖಚಿತ ಮನಸ್ಸಿನವರು, ಕನ್ನಡಿಗರು ಅನುಮಾನದ ಪ್ರಾಣಿಗಳು ಎನ್ನಲು ನನಗೆ ಧೈರ್ಯವಿಲ್ಲ, ಆಸೆಯಿದೆ. ಇಷ್ಟಂತೂ ಹೌದು, ತೆಲುಗಿನ ಮುಖಂಡನೊಬ್ಬ ವೇದಿಕೆಯ ಮೇಲೆ 'ನಾವು ತ್ಯಾಗ ಮಾಡಬೇಕು' ಎನ್ನುವಾಗ ಯಾರು ಮಾಡಬೇಕೆಂದು ವ್ಯಾಕರಣ ಅವನನ್ನು ಕೇಳಿಯೇ ಕೇಳುತ್ತದೆ. ನಮ್ಮವರನ್ನು ಯಾರೂ ಕೇಳುವುದಿಲ್ಲ.

ಹಿಂದಿಯ ಪ್ರಶ್ನೆ 'ಗಂಡೋ ಹೆಣ್ಣೋ?'. ಅದನ್ನು ಮನುಷ್ಯರಿಗಷ್ಟೇ ಕೇಳಿದ್ದರೆ ಸರಿಹೋಗುತ್ತಿತ್ತು, ಮೇಜು ಕುರ್ಚಿಗೂ ಕೇಳುತ್ತದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಗಂಡಸು ಬಂದ, ಹೆಂಗಸು ಬಂದಳು, ಬಸ್ಸು ಬಂತು. ಮಗುವಿನ ವಿಷಯದಲ್ಲಿ ಅವಸರವಿಲ್ಲ, ಅದು ಅಳುತ್ತದೆ. ಇಂಥ ನೆಮ್ಮದಿಯಿಂದ ಎದ್ದು ಹಿಂದಿ ಪರೀಕ್ಷೆಗೆ ಕೂತ ಹುಡುಗರಿಗೆ ಮೊಸರು ಗಂಡು, ರೊಟ್ಟಿ ಹೆಣ್ಣು, ಸೇನೆ ಹೆಣ್ಣು, ಪೊಲೀಸು ಹೆಣ್ಣು, ಎಲ್ಲಕ್ಕೂ ಮಿಗಿಲಾಗಿ ಮೀಸೆ ಹೆಣ್ಣು ಎಂದು ಕಲಿಸಿದರೆ ಅವರು ಏನಾಗಬೇಕು? ದಕ್ಷಿಣದವರ ಹಿಂದಿಯಲ್ಲಿ ಸಕಲ ಚರಾಚರವೂ ಪುಲ್ಲಿಂಗವಾಗಿರುವುದು ಅಜ್ಞಾನದಿಂದಲ್ಲ, ಮುನಿಸಿನಿಂದ.

ವ್ಯಾಕರಣದ ಲಿಂಗ ಮನಸ್ಸಿಗೂ ಇಳಿಯುತ್ತದೆ ಎಂದು ತೋರಿಸುವ ಹೆಸರಾಂತ ಪ್ರಯೋಗವೊಂದಿತ್ತು. ಸೇತುವೆ ಸ್ತ್ರೀಲಿಂಗವಾಗಿರುವ ಜರ್ಮನ್ನರು ಅದನ್ನು ಚೆಲುವೆ ಎನ್ನುವಂತೆ ಬಣ್ಣಿಸುತ್ತಾರೆ, ಪುಲ್ಲಿಂಗವಾಗಿರುವ ಸ್ಪ್ಯಾನಿಷರು ಬಲಶಾಲಿ ಎನ್ನುವಂತೆ, ಎಂದು. 2014ರಲ್ಲಿ ಬೇರೆಯವರು ಅದನ್ನು ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ತೆಲುಗಿನಲ್ಲಿ ಹೆಂಗಸು ಬಂದರೂ ಎಮ್ಮೆ ಬಂದರೂ ಏಕವಚನದಲ್ಲಿ ಕ್ರಿಯಾಪದ ಒಂದೇ, 'ವಚ್ಚಿಂದಿ'. ಇದನ್ನು ನೆಚ್ಚಿಕೊಂಡು ಯಾವುದಾದರೂ ತೆಲುಗು ಮನೆಯಲ್ಲಿ ಯಜಮಾನಿಕೆ ಮಾಡಲು ಹೊರಟ ಗಂಡಸಿನ ಪಾಡು ದೇವರಿಗೇ ಪ್ರೀತಿ. ಬಂಗಾಳಿಯಲ್ಲೂ ಫಾರ್ಸಿಯಲ್ಲೂ ಅವನು ಅವಳು ಎರಡಕ್ಕೂ ಒಂದೇ ಸರ್ವನಾಮ. ಅಷ್ಟಕ್ಕೆ ಕೊಲ್ಕತ್ತದಲ್ಲಾಗಲಿ ಟೆಹರಾನಿನಲ್ಲಾಗಲಿ ಸಮಾನತೆ ಬಂದುಬಿಟ್ಟಿಲ್ಲ.

ಕನ್ನಡದ ಜಗಲಿಯ ಪ್ರಶ್ನೆ ಇದಲ್ಲ. ನಮ್ಮಜ್ಜ ಕೇಳುವುದು, 'ಎದುರಿಗಿರುವವರು ನಿನಗಿಂತ ಮೇಲೋ ಕೆಳಗೋ?'. ನೀನು, ನೀವು, ತಾವು. ಅವನು, ಅವಳು, ಆತ, ಆಕೆ, ಅವರು. ಇದಕ್ಕೆ ಉತ್ತರ ಕೊಡದೆ ಕನ್ನಡದಲ್ಲಿ ಒಂದು ಲೋಟ ನೀರು ಕೇಳುವುದೂ ಕಷ್ಟ. ಅಮ್ಮ ನೀನು, ಅಪ್ಪ ನೀವು, ಇದು ಬಹಳ ಮನೆಗಳ ಸಂವಿಧಾನ. ದೇವರು ನೀನು, ದೆವ್ವ ನೀನು, ತಾಲ್ಲೂಕು ಕಚೇರಿಯ ಗುಮಾಸ್ತರು ತಾವು. ಗಂಡನಿಗೆ 'ರೀ' ಅನ್ನುತ್ತಿದ್ದವರು ಜಗಳ ಕಾವೇರಿದ ಮೇಲೂ 'ನಿಮ್ಮಂಥ ದಡ್ಡರನ್ನ ನಾನು ನೋಡಿಲ್ಲ' ಎಂದು ಬಹುವಚನ ಬಿಡದೆ ಬೈಯುವುದನ್ನು ಕೇಳಿದ್ದೇನೆ. ಪತ್ರಿಕೆಗಳಲ್ಲಂತೂ ಒಂದು ಅಲಿಖಿತ ದಂಡಸಂಹಿತೆಯೇ ಇದೆ: ನೆನ್ನೆಯವರೆಗೆ 'ಉದ್ಘಾಟಿಸಿದರು', 'ಅಭಿಪ್ರಾಯಪಟ್ಟರು' ಎಂದಿದ್ದವರು ಪೊಲೀಸರ ಕೈಗೆ ಸಿಕ್ಕ ದಿನವೇ 'ಪರಾರಿಯಾಗಿದ್ದ', 'ಸಿಕ್ಕಿಬಿದ್ದಿದ್ದಾನೆ' ಆಗುತ್ತಾರೆ. ನ್ಯಾಯಾಲಯದ ತೀರ್ಪು ಹತ್ತು ವರ್ಷಕ್ಕೆ ಬರಬಹುದು, ಬಹುವಚನ ಅಂದೇ ಜಪ್ತಿ. ತೀರಾ ದೊಡ್ಡ ಕುಳವಾದರೆ ಜೈಲಿನಲ್ಲೂ ಬಹುವಚನ ಉಳಿದುಕೊಳ್ಳುತ್ತದೆ. ಓದುಗರು ಅದರಿಂದಲೇ ಕೇಸಿನ ಭವಿಷ್ಯ ಊಹಿಸಬಹುದು.

ಎದುರಿಗಿರುವವರು ಮೇಲೋ ಕೆಳಗೋ ತಿಳಿಯದಿದ್ದರೆ? ಅಲ್ಲಿ ಕನ್ನಡದ ಜಾಣತನವೇ ಬೇರೆ. ರೈಲಿನಲ್ಲಿ ಎದುರು ಕೂತವನು ಹುಡುಗ ಅನ್ನೋಣವೆಂದರೆ ತಲೆ ನೆರೆತಿದೆ, ಹಿರಿಯ ಅನ್ನೋಣವೆಂದರೆ ಜೀನ್ಸು ಹರಿದಿದೆ. ಆಗ ಸರ್ವನಾಮವನ್ನೇ ನುಂಗಿ, ಕರ್ತೃವನ್ನು ಗಾಳಿಗೆ ಬಿಟ್ಟು, 'ಯಾವೂರಾಯ್ತು?' ಅನ್ನುತ್ತೇವೆ. 'ಊಟ ಆಯ್ತಾ?', 'ಎಲ್ಲಿವರೆಗೆ ಪ್ರಯಾಣ?', 'ಕೆಲಸ ಎಲ್ಲಿ?' ಇಡೀ ರಾತ್ರಿ ಮಾತಾಡಿ ಅರಸೀಕೆರೆಯಲ್ಲಿ ಚಹಾ ಕುಡಿದು ಹುಬ್ಬಳ್ಳಿಯಲ್ಲಿ ಇಳಿದು ಹೋಗುವವರೆಗೆ ನೀನು ನೀವು ಎರಡನ್ನೂ ಬಾಯಿಗೆ ತರದೆ ಸಾಗಿಸಿದ ಸಂಭಾಷಣೆಗಳಿವೆ. ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಇಷ್ಟು ಬುದ್ಧಿ ಓಡಿಸಬೇಕಾಗುತ್ತದೆ ಎಂಬುದೇ ಆ ಪ್ರಶ್ನೆ ನಮ್ಮ ತಲೆಯೊಳಗೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂಬುದಕ್ಕೆ ಸಾಕ್ಷಿ. ಮನೆಯಲ್ಲಿ ಇಂಗ್ಲಿಷೇ ಆಡಿ ಬೆಳೆದ ನಮ್ಮ ಮೊಮ್ಮಕ್ಕಳ ಪೀಳಿಗೆಗೆ ಈ ಕಷ್ಟ ಅರ್ಥವೇ ಆಗುವುದಿಲ್ಲ. ಅವು ಸ್ವಾಮೀಜಿಯನ್ನೂ 'ನೀನು ಚಾಕ್ಲೇಟ್ ತಿಂತೀಯಾ?' ಎಂದು ಕೇಳುತ್ತವೆ, ಸ್ವಾಮೀಜಿ ನಗುತ್ತಾರೆ, ತಂದೆತಾಯಿಗೆ ಬೆವರು.

ಸ್ವೀಡನ್ನಿನಲ್ಲಿ ಒಂದು ಪ್ರಸಂಗ ನಡೆಯಿತು. ಅಲ್ಲೂ ನಮ್ಮಂತೆಯೇ ಹುದ್ದೆ ಬಿರುದುಗಳ ಗೋಜಲು, ನೇರವಾಗಿ 'ನೀನು' ಅನ್ನಲು ಹಿಂಜರಿಕೆ. 1967ರಲ್ಲಿ ಬ್ರೋರ್ ರೆಕ್ಸೆಡ್ ಎಂಬವರು ರಾಷ್ಟ್ರೀಯ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದವರೇ, ತಾನು ಸಿಬ್ಬಂದಿಯನ್ನೆಲ್ಲ 'ಡು', ಅಂದರೆ ನೀನು, ಎಂದೇ ಕರೆಯುವುದಾಗಿ ಸಾರಿದರು. ಕೆಲವೇ ವರ್ಷಗಳಲ್ಲಿ ಇಡೀ ದೇಶ ನೀನು ಆಯಿತು. ಭಾಷೆ ಬದಲಾದ್ದರಿಂದ ಜನ ಬದಲಾದರೋ, ಮೊದಲೇ ಬದಲಾಗಿದ್ದ ಜನಕ್ಕೆ ಭಾಷೆ ಕೊನೆಗೂ ದಾರಿ ಬಿಟ್ಟಿತೋ? ಎರಡನೆಯದೇ ಇರಬೇಕೆಂದು ನನ್ನ ಗುಮಾನಿ. ವಿಧಾನಸೌಧದಲ್ಲಿ ಕಾರ್ಯದರ್ಶಿಯೊಬ್ಬರು 'ಇವತ್ತಿನಿಂದ ನನ್ನನ್ನು ನೀನು ಅನ್ನಿ' ಎಂದು ಸುತ್ತೋಲೆ ಕಳಿಸಿದರೆ, 'ತಮ್ಮ ಅಪ್ಪಣೆಯಂತೆ ತಮ್ಮನ್ನು ನೀನು ಎಂದು ಕರೆಯಲು ಅನುಮತಿ ಕೋರಿ' ಎಂದು ಕಡತ ಮಂಡನೆಯಾಗುತ್ತದೆ.

ಕಡತ ಎಂದಾಗ ಒಂದು ಮಾತು. ಕನ್ನಡದಲ್ಲಿ ಮಾಡಿದವನನ್ನು ಬಚ್ಚಿಡುವುದು ಬಹಳ ಸಲೀಸು. ಲೋಟ ಒಡೆದುಹೋಯ್ತು, ಹಾಲು ಉಕ್ಕಿಬಿಡ್ತು, ಕೋಪ ಬಂತು, ನಿದ್ದೆ ಹತ್ತಿತು, ಫೈಲು ಸಿಕ್ತಾ ಇಲ್ಲ, ನಿಮ್ಮ ಕೆಲಸ ಆಗುತ್ತೆ. ಯಾರು ಒಡೆದರು, ಯಾರು ಕಳೆದರು, ಯಾರು ಮಾಡುತ್ತಾರೆ ಎಂದು ಭಾಷೆ ಒತ್ತಾಯಿಸುವುದಿಲ್ಲ. ಸ್ಪ್ಯಾನಿಷಿನಲ್ಲೂ ಆಕಸ್ಮಿಕಗಳನ್ನು ಹೀಗೇ ಹೇಳುವ ರೂಢಿಯಿದೆ. ಅಂಥ ಘಟನೆಗಳ ವಿಡಿಯೋ ತೋರಿಸಿ ಆಮೇಲೆ ಮಾಡಿದವರು ಯಾರೆಂದು ಕೇಳಿದರೆ ಇಂಗ್ಲಿಷಿನವರ ನೆನಪು ಸ್ಪ್ಯಾನಿಷರಿಗಿಂತ ಚುರುಕಾಗಿತ್ತೆಂದು ಫಾಸೀ ಮತ್ತು ಬೊರೊಡಿಟ್ಸ್ಕಿ ಎಂಬ ಸಂಶೋಧಕಿಯರು ಕಂಡುಕೊಂಡರು. ಬೇಕೆಂದೇ ಮಾಡಿದ ಕೆಲಸಗಳಲ್ಲಿ ಇಬ್ಬರ ನೆನಪೂ ಸಮ. ಇದು ನಿಜವಾದರೆ ಇಂಗ್ಲಿಷ್ ಗಾಜಿನ ಅಂಗಡಿಯವರಿಗೆ ಒಳ್ಳೆಯ ಭಾಷೆ, ಕನ್ನಡ ಸೊಸೆಯಂದಿರಿಗೆ. ಅತ್ತೆಯಂದಿರು ಮಾತ್ರ ಯಾವ ವ್ಯಾಕರಣದಲ್ಲಿ ಹೇಳಿದರೂ ಕರ್ತೃಪದವನ್ನು ಹುಡುಕಿಯೇ ತೀರುತ್ತಾರೆ.

2013ರಲ್ಲಿ ಕೀತ್ ಚೆನ್ ಎಂಬ ಅರ್ಥಶಾಸ್ತ್ರಜ್ಞ, ಭವಿಷ್ಯತ್ಕಾಲಕ್ಕೆ ಬೇರೆ ರೂಪ ಬೇಡದ ಭಾಷೆಯವರು ಹೆಚ್ಚು ಉಳಿತಾಯ ಮಾಡುತ್ತಾರೆ ಎಂದು ಬರೆದ. ಅವರಿಗೆ ನಾಳೆಯೂ ಇವತ್ತಿನ ಹಾಗೇ ಹತ್ತಿರ ಎಂದು ಅವನ ತರ್ಕ. 'ನಾಳೆ ಬರ್ತೀನಿ' ಎನ್ನುವ ಆಡುಗನ್ನಡ ಕೇಳಿಕೊಂಡು, ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿಡುವ ನಮ್ಮ ಗೃಹಿಣಿಯರ ಗುಟ್ಟು ಗೊತ್ತಾಯಿತೆಂದು ನಾನು ಹಿಗ್ಗಿದೆ. ಎರಡು ವರ್ಷಕ್ಕೆ ಅದೇ ಚೆನ್ ಇತರರೊಡನೆ ಸೇರಿ, ಭಾಷೆಗಳ ನಂಟುತನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧ ತೆಳುವಾಗುತ್ತದೆ ಎಂದು ಬರೆದ. ಸಾಸಿವೆ ಡಬ್ಬಿಗೆ ಬೇರೆ ಕಾರಣ ಇರಬೇಕು. ಗಂಡಂದಿರು ಇರಬಹುದು.

ಕನ್ನಡ ಕೇಳುವ ಇನ್ನೊಂದು ಪ್ರಶ್ನೆಯಿದೆ, ಮೆಲುದನಿಯಲ್ಲಿ. 'ನೀನು ಕಂಡೆಯೋ, ಕೇಳಿದೆಯೋ?' ಕೇಳಿದ್ದಾದರೆ ಕೊನೆಗೆ ಒಂದು 'ಅಂತೆ' ಹಚ್ಚಬೇಕು. ಅಮೆಜಾನ್ ಕಡೆಯ ತರಿಯಾನ ಎಂಬ ಭಾಷೆ ಈ ವಿಷಯದಲ್ಲಿ ನಮಗಿಂತ ಬಹಳ ಕಟ್ಟುನಿಟ್ಟು. ಅದನ್ನು ಅಭ್ಯಾಸ ಮಾಡಿದ ಅಲೆಕ್ಸಾಂಡ್ರಾ ಐಖೆನ್ವಾಲ್ಡ್ ಹೇಳುವಂತೆ, 'ಅವನು ಫುಟ್‌ಬಾಲ್ ಆಡಿದ' ಎಂಬಷ್ಟಕ್ಕೇ ಅಲ್ಲಿ ಐದು ಬಗೆಯ ಬಾಲಗಳಿವೆ. ನಾನು ಕಣ್ಣಾರೆ ಕಂಡೆ, ಗದ್ದಲ ಕೇಳಿಸಿತು, ಕುರುಹು ನೋಡಿ ತಿಳಿದೆ, ದಿನಾ ಆಡುವವನು ಆಡಿರಲೇಬೇಕು, ಯಾರೋ ಹೇಳಿದರು. ಒಂದನ್ನು ಆರಿಸದೆ ವಾಕ್ಯ ಮುಗಿಯುವಂತಿಲ್ಲ. ಆ ಭಾಷೆಯಲ್ಲಿ ಒಂದು ಟಿವಿ ಚರ್ಚೆ ನೋಡಬೇಕೆಂದು ನನ್ನ ಆಸೆ. ಕನ್ನಡ ಇಷ್ಟು ಬಿಗಿಯಿಲ್ಲ, 'ಅಂತೆ' ಬಿಟ್ಟರೂ ವ್ಯಾಕರಣ ದಂಡ ಹಾಕುವುದಿಲ್ಲ. ಆದರೆ ಬಿಟ್ಟವನ ಮೇಲೆ ಭಾರ ಬೀಳುತ್ತದೆ. 'ಅವರ ಮಗ ಕೆಲಸ ಬಿಟ್ಟನಂತೆ' ಎಂದವರನ್ನು ಯಾರೂ ಹಿಡಿಯುವುದಿಲ್ಲ. 'ಬಿಟ್ಟ' ಎಂದವರನ್ನು 'ನೀವು ನೋಡಿದಿರಾ?' ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ಸುದ್ದಿ ಮುಂದಕ್ಕೆ ದಾಟಿಸುವಾಗ ಮೊದಲು ಉದುರುವುದು ಈ 'ಅಂತೆ'ಯೇ. ಅಂತೆಕಂತೆಗಳ ಸಂತೆ ಎಂದು ಹಿಂದಿನವರು ಹಳಿದರಲ್ಲ, ಆ ಸಂತೆಯಲ್ಲಿ ಕೊನೆಗೆ ಸರಕಿನ ಮೇಲೆ ಚೀಟಿಯಾದರೂ ಇತ್ತು.

ನ್ಯಾಯವಾಗಿ ಈ ಪ್ರಬಂಧದ ಅರ್ಧಕ್ಕರ್ಧ ಕ್ರಿಯಾಪದಗಳಿಗೂ 'ಅಂತೆ' ಬೇಕು. ನಾನು ಕ್ವೀನ್ಸ್‌ಲ್ಯಾಂಡ್ ಕಂಡವನಲ್ಲ, ಹೋಪಿಗಳ ಮಾತು ಕೇಳಿದವನಲ್ಲ. ಆದರೆ ಬರಹದ ಕನ್ನಡ ಅದನ್ನು ಹತ್ತಿರ ಸೇರಿಸುವುದಿಲ್ಲ, ಬೇಕಾದರೆ 'ಎನ್ನಲಾಗಿದೆ' ಬರೆಯಿರಿ ಅನ್ನುತ್ತದೆ. ಅದನ್ನು ಬರೆದರೆ ಮಾತಿನ ಜೊತೆಗೆ ಅಂದವರೂ ಮಾಯ. ಮನೆಗಳಲ್ಲಿ ಮಾತ್ರ ಇದು ತಾನಾಗಿ ಸರಿಹೋಗುತ್ತದೆ. ನಮ್ಮ ಅತ್ತಿಗೆ ಬೆಳಿಗ್ಗೆ ಪತ್ರಿಕೆ ಓದಿ ಅಡುಗೆಮನೆಗೆ ಸುದ್ದಿ ಸಾಗಿಸುವಾಗ ಪತ್ರಿಕೆಯ ಒಂದು ವಾಕ್ಯವನ್ನೂ ಹಾಗೇ ಬಿಡುವುದಿಲ್ಲ. ಮಂತ್ರಿ ರಾಜೀನಾಮೆ ಕೊಡ್ತಾರಂತೆ, ಮೋಡ ಬಿತ್ತನೆ ಮಾಡ್ತಾರಂತೆ, ಮೆಟ್ರೋ ಮುಂದಿನ ವರ್ಷ ಬರುತ್ತಂತೆ, ಬಾಳೆಹಣ್ಣು ತಿಂದರೆ ಬಿ.ಪಿ. ಇಳಿಯುತ್ತಂತೆ. ವರದಿಗಾರರು ಎಷ್ಟು ಖಚಿತವಾಗಿ ಬರೆದಿದ್ದರೂ ಅವರ ಬಾಯಲ್ಲಿ ಬಾಲ ಬಂದೇ ಬರುತ್ತದೆ. ಚಿನ್ನದ ದರದ ಅಂಕಣಕ್ಕೆ ಬಂದಾಗ ಮಾತ್ರ ಬಾಲ ಕಡಿದು, 'ಚಿನ್ನ ಇಳಿದಿದೆ' ಎಂದು ಅಣ್ಣನ ಕಡೆ ನೋಡುತ್ತಾರೆ.